ಸದ್ದು ಮಾಡುವ ಸೈಲೆನ್ಸರ್!

ಸೈಲೆನ್ಸರ್ ಅಂದ್ರೆ ಸದ್ದಡಗಿಸೋ ವಸ್ತು. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೂ ಇಷ್ಟು ಗೊತ್ತು. ಗೊತ್ತಿದ್ದೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿಯಿಂದ ಅಂಗಡಿಗೆ ಅಲೆದು, ಮೂರು ಲೇಖನಗಳ ಸಂಭಾವನೆ ಸುರಿದು, ಸದ್ದು ಮಾಡೋ ಸೈಲೆನ್ಸರ್ ತಂದ ಮಹಾಶಯ ನಾನು. ನಗ್ತೀರಾ? ನಗಿ. ಇನ್ನೂ ಸ್ವಲ್ಪ ಹೊತ್ತು ನಗಬಹುದು.

ನಮ್ಮದು ಅಂಬಾಸಿಡರ್. 1984ರ ಮಾರ್ಕ್ ಫೋರ್, ಪೆಟ್ರೋಲ್ ಗಾಡಿ, ಬಿಳೀ ಬಣ್ಣ. ಮಂಡ್ಯದಲ್ಲಿ ಬೇರೆಯವರ ಟ್ಯಾಕ್ಸಿ ಓಡಿಸಿ ಓಡಿಸಿ ಸವೆದ ಅಪ್ಪ, ಕೊನೆಗೊಂದು ದಿನ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸ್ವಂತ ಕಾರು. ಆಗ ನಾನು ತೊಟ್ಟಿಲು ಬಿಟ್ಟು ಇಳಿದಿದ್ದೆನಂತೆ. ನನಗಿಂತ ಅದಕ್ಕೇ ವಯಸ್ಸು ಹೆಚ್ಚು, ಮನೆಯಲ್ಲಿ ಮರ್ಯಾದೆಯೂ ಹೆಚ್ಚು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು, 2014ರಲ್ಲಿ ಕಾರ್ಖಾನೆ ನಿಲ್ಲಿಸೋ ತನಕ ಮಂತ್ರಿಗಳನ್ನೂ ಹೊತ್ತಿತು, ಮದುವೆ ಹೆಣ್ಣುಗಳನ್ನೂ ಹೊತ್ತಿತು. ಈಗ ಅದಕ್ಕೆ ಉಳಿದಿರೋ ಕೆಲಸ ಒಂದೇ... ಸಿನಿಮಾ!

ನಾನು ಆ ಪತ್ರಿಕೆ ಈ ಪತ್ರಿಕೆ ಅಂತ ಚಿತ್ರರಂಗದ ಸುದ್ದಿ ಬರೆದುಕೊಂಡು ಓಡಾಡೋನು. ಗಾಂಧಿನಗರದಲ್ಲಿ ಟೀ ಕುಡಿಯುವಾಗ ಪರಿಚಯವಾದ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು ಒಂದು ಸಂಜೆ ಫೋನ್ ಮಾಡಿದರು.

"ಎಂಬತ್ತರ ದಶಕದ ಕಥೆ ಗುರೂ. ವಿಲನ್ ಎಂಟ್ರಿಗೆ ಬಿಳಿ ಅಂಬಾಸಿಡರ್ ಬೇಕು. ನಿಮ್ಮಪ್ಪಂದು ಓಡುತ್ತಾ?"

ಓಡುತ್ತಾ ಅಂದರೇನು! ಆರ್.ಸಿ. ನವೀಕರಣಕ್ಕೆ ದುಡ್ಡಿಲ್ಲದೆ ಮೂರು ತಿಂಗಳಿಂದ ಟಾರ್ಪಾಲಿನ ಕೆಳಗೆ ಮಲಗಿತ್ತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಂತು ಫಿಟ್‌ನೆಸ್ ತೋರಿಸಬೇಕಲ್ಲ. ಆ ಖರ್ಚು ಈ ಶೂಟಿಂಗ್ ಬಾಡಿಗೆಯಲ್ಲಿ ಹುಟ್ಟುತ್ತೆ ಅಂತ ಲೆಕ್ಕ ಹಾಕಿ, ಮುಂಗಡದ ದುಡ್ಡಲ್ಲಿ ಮೊದಲು ಆರ್.ಸಿ. ಸರಿ ಮಾಡಿಸಿದೆ. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಆದರೆ ನಮ್ಮ ಗಾಡಿ ಸದ್ದು ಹೇಗೆ ಅಂತೀರಿ... ಊಟ ಮಾಡಿ ಮಲಗಿದ ಯಜಮಾನರ ಗೊರಕೆ! ವಿಲನ್ ಬರೋವಾಗ ಗಾಂಧಿ ಕ್ಲಾಸು ಎದ್ದು ಕೂರಬೇಕು ತಾನೇ? ನನ್ನ ತಲೆಯಲ್ಲಿ 1968ರ ‘ಬುಲ್ಲಿಟ್’ ಚಿತ್ರದ ಚೇಸು. ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಸ್ಟೀವ್ ಮೆಕ್ವೀನ್‌ನ ಹಸಿರು ಮಸ್ಟಾಂಗ್ ಹಾರುತ್ತಲ್ಲ, ಆ ಗರ್ಜನೆ! ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ನನ್ನ ಪ್ರಕಾರ ಅದರಲ್ಲಿ ಅರ್ಧ ಆ ಕಾರಿನ ಗಂಟಲಿಗೇ ಸೇರಬೇಕು.

ಮಸ್ಟಾಂಗ್‌ನದು ಎಂಟು ಸಿಲಿಂಡರ್, ಆರು ಲೀಟರಿಗೂ ಮೀರಿದ ಇಂಜಿನ್. ನಮ್ಮದು ನಾಲ್ಕು ಸಿಲಿಂಡರ್, 1489 ಸಿಸಿ. ಎಂಟು ಜನ ಹಾಡೋ ಭಜನೆಯನ್ನ ನಾಲ್ಕು ಜನಕ್ಕೆ ಮೈಕು ಕೊಟ್ಟು ಹಾಡಿಸೋಕೆ ಆಗುತ್ತಾ? ಸೈಲೆನ್ಸರ್ ಬದಲಾಯಿಸಿದರೆ ಸದ್ದು ದೊಡ್ಡದಾಗುತ್ತೆ, ರಾಗ ಬದಲಾಗೋದಿಲ್ಲ. ಈ ಬುದ್ಧಿ ಬಂದಿದ್ದು ಆಮೇಲೆ, ಬಿಡಿ.

ತಂದದ್ದು ‘ಫ್ರೀ ಫ್ಲೋ’ ಅಂತ ಕರೆಯೋ ಮಾಲು. ಕಂಪನಿ ಸೈಲೆನ್ಸರಿನ ಹೊಟ್ಟೆಯಲ್ಲಿ ಕೋಣೆ ಕೋಣೆ ಇರುತ್ತೆ. ಹೊಗೆ ಒಂದರಿಂದ ಒಂದಕ್ಕೆ ಸುತ್ತಿ ಬಳಸಿ, ಸುಸ್ತಾಗಿ, ಸದ್ದು ಕಳಕೊಂಡು ಹೊರಗೆ ಬರುತ್ತೆ. ಈ ಹೊಸದರಲ್ಲಿ ಕೋಣೆಯೂ ಇಲ್ಲ, ಗೋಡೆಯೂ ಇಲ್ಲ. ತೂತು ಕೊರೆದ ಒಂದೇ ನೇರ ಕೊಳವೆ, ಅದರ ಸುತ್ತ ಗಾಜಿನ ನಾರು ತುರುಕಿರುತ್ತಾರೆ, ಅಷ್ಟೆ. ಯಾವುದೋ ದೊಡ್ಡ ಕಾರಿಗೆ ಮಾಡಿದ್ದು. ಅಂಗಡಿಯವರು "ಅಂಬಾಸಿಡರಿಗೆ ಸೆಟ್ಟಾಗಲ್ಲ" ಅಂತ ಎರಡು ಸಲ ಹೇಳಿದರು. ಕೇಳಬೇಕಲ್ಲ!

ಕೆಲಸ ಮನೆ ಹಿಂದೆ, ನಾನು ಮತ್ತೆ ನನ್ನ ಗೆಳೆಯ. ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಅಂದ್ರೆ, ಮೇಸ್ತ್ರಿ ಅಪ್ಪನ ಸ್ನೇಹಿತರು. ಬೈತಾರೆ. ಹಳೇ ನಟ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎರಡು ರಾತ್ರಿ ಸೀಮೆಎಣ್ಣೆ ಕುಡಿಸಿದರೂ ಒಂದು ಬೋಲ್ಟು ಕತ್ತರಿಸಿಯೇ ಹೋಯಿತು. ಹೊಸ ಸೈಲೆನ್ಸರಿನ ಬಾಯಿ ದೊಡ್ಡದು, ನಮ್ಮ ಪೈಪು ಸಣ್ಣದು. ನಡುವಿನ ಸಂದಿಗೆ ಎಣ್ಣೆ ಡಬ್ಬದ ತಗಡು ಸುತ್ತಿ, ಮೇಲೊಂದು ಕ್ಲ್ಯಾಂಪ್ ಬಿಗಿದೆವು. ನೇತುಹಾಕೋಕೆ ಇದ್ದ ರಬ್ಬರುಗಳು ಹಪ್ಪಳವಾಗಿದ್ದವು. ಅವನ್ನ ಕಿತ್ತು ಕಬ್ಬಿಣದ ಪಟ್ಟಿ ಹಾಕಿ ಬೋಲ್ಟು ಜಡಿದೆವು. ಅಲ್ಲಾಡಬಾರದು ನೋಡಿ, ಗಟ್ಟಿ ಇರಬೇಕು!

ಮುಂದಿನದು ಮುಖ್ಯ. ಸೈಲೆನ್ಸರ್ ಆದ ಮೇಲೆ ಪೈಪು ಹಿಂದಿನ ಆಕ್ಸಲ್ ಹತ್ತಿರ ಬಾಗಿ, ತಪ್ಪಿಸಿಕೊಂಡು, ಬಂಪರ್ ಆಚೆಗೆ ಬಾಯಿ ಬಿಡಬೇಕು. ಆ ಬಾಗು ನಮ್ಮ ಕೈಲಿ ಕೂರಲಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ತಗಲುತ್ತೆ. ಗೆಳೆಯ ಗರಗಸ ತಗೊಂಡ. "ಇಲ್ಲೇ ಕುಯ್ದುಬಿಡೋಣ ಕಣೋ, ಸದ್ದು ಇನ್ನೂ ಜೋರಾಗಿ ಬರುತ್ತೆ" ಅಂದ. ಕುಯ್ದೆವು. ಪೈಪಿನ ಬಾಯಿ ಹಿಂದಿನ ಸೀಟಿನ ಸರಿಯಾಗಿ ಕೆಳಗೆ ನಿಂತಿತು.

ಸ್ಟಾರ್ಟ್ ಮಾಡಿದೆ. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಅಮ್ಮ ಸೌಟು ಹಿಡಿದೇ ಹೊರಗೆ ಓಡಿ ಬಂದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಒಂದು ಮಾತಾಡಲಿಲ್ಲ.

ಶೂಟಿಂಗ್ ಶ್ರೀರಂಗಪಟ್ಟಣದ ಆಚೆ, ಒಂದು ಹಳೇ ಮನೆಯಲ್ಲಿ. ಜನವರಿಯ ಚಳಿ, ಬೆಳಗಿನ ಜಾವ. ಅಪ್ಪ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ತಯಾರಾಗಿ ನಿಂತಿದ್ದ. "ನಾನೂ ಬತ್ತೀನಿ ಕಣ್ಲಾ. ನಮ್ ಗಾಡಿ ಸಿನಿಮಾಕ್ಕೆ ಹೋಯ್ತಾ ಅದೆ, ನಾನು ನೋಡಬ್ಯಾಡ್ವಾ?" ಜೀವಮಾನವೆಲ್ಲ ಬೇರೆಯವರನ್ನ ಹಿಂದೆ ಕೂರಿಸಿಕೊಂಡು ಓಡಿಸಿದೋನು. ಇವತ್ತು ನೀನು ಯಜಮಾನ ಅಂತ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಹಿಂದಿನ ಗಾಜುಗಳೆಲ್ಲ ಏರಿಸಿದ್ದವು. ನನ್ನ ಪಕ್ಕದ ಗಾಜು ಮಾತ್ರ ಇಳಿಸಿದ್ದೆ. ಯಾಕೆ? ಸದ್ದು ಕೇಳೋಕೆ!

ದಾರಿಯಲ್ಲಿ ಒಂದು ಸಲ ಕೇಳಿದೆ, "ಹೆಂಗಪ್ಪಾ ಸೌಂಡು?"

"ಚೆನ್ನಾಗದೆ" ಅಂದ.

ಶ್ರೀರಂಗಪಟ್ಟಣ ಹತ್ತಿರವಾದಾಗ ಮತ್ತೆ ಕೇಳಿದೆ. ಉತ್ತರ ಬರಲಿಲ್ಲ. ನಿದ್ದೆ ಅಂದುಕೊಂಡೆ. ಶೂಟಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿ ಬಾಗಿಲು ತೆಗೆದರೆ ಅಪ್ಪ ಒಂದು ಕಾಲು ನೆಲಕ್ಕಿಟ್ಟ, ಇನ್ನೊಂದು ಎತ್ತೋಕೆ ಆಗಲಿಲ್ಲ. ಹಾಗೇ ಮಗುಚಿದ. ವಾಂತಿ. ಕಣ್ಣು ಮೇಲೆ. ಕರೆದರೆ ನನ್ನ ಹೆಸರು ಬಿಟ್ಟು ಚಿಕ್ಕಪ್ಪನ ಹೆಸರು ಹೇಳುತ್ತಾನೆ. ಬಿ.ಪಿ. ಇರೋ ಮನುಷ್ಯ... ಸ್ಟ್ರೋಕ್ ಆಯಿತು ಅಂದುಕೊಂಡೆ. ಇಬ್ಬರು ಲೈಟ್ ಬಾಯ್‌ಗಳು ಎತ್ತಿ ಮರದ ಕೆಳಗೆ ಬಯಲಲ್ಲಿ ಮಲಗಿಸಿದರು. ಅವರಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಮ್ಯಾನೇಜರ್ ಓಡಿ ಬಂದು, "ಕೀ ಕೊಟ್ಟು ಹೋಗು ಗುರೂ, ಶಾಟ್ ರೆಡಿ ಇದೆ" ಅಂದರು. ಕೊಟ್ಟೆ. ಅಪ್ಪನನ್ನ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರು ಬಿ.ಪಿ. ನೋಡಿದರು, ಕೈಕಾಲು ಎತ್ತಿಸಿದರು, ನಾಲಿಗೆ ಹೊರಗೆ ಹಾಕಿಸಿದರು. ಆಮೇಲೆ ಕೇಳಿದ್ದು, "ಯಾವುದರಲ್ಲಿ ಬಂದ್ರಿ?"

ನಾನು ಹೇಳಿದೆ.

"ಹಳೇ ಕಾರಾ? ಹೊಗೆ ಒಳಗೆ ಬರ್ತಿತ್ತಾ?"

ಓದುಗ ಮಿತ್ರರೇ, ನನ್ನ ಎದೆ ಧಸಕ್ಕೆಂದಿತು. ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಂತ ಒಂದಿರುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರೋ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಅಂಟಿಕೊಳ್ಳೋದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಗಟ್ಟಿಯಾಗಿ ಇದಕ್ಕೆ ಅಂಟಿಕೊಳ್ಳುತ್ತಂತೆ. ಮೊದಲು ತಲೆನೋವು, ಆಮೇಲೆ ವಾಂತಿ, ಮಂಕು, ನಿದ್ದೆ... ಆ ನಿದ್ದೆಯಿಂದ ಏಳದೇ ಹೋದವರಿದ್ದಾರೆ. ಈಗಿನ ಕಾರುಗಳಲ್ಲಿ ಈ ವಿಷವನ್ನ ಬಹುಮಟ್ಟಿಗೆ ಸುಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ. 1984ರ ಗಾಡಿಯಲ್ಲಿ ಎಲ್ಲಿ ಬರಬೇಕು! ಅಪ್ಪನ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ತಿಳಿಯಾಯಿತು. ನನ್ನ ಹೆಸರು ಸರಿಯಾಗಿ ಕರೆದ.

ಮುಖವಾಡ ತೆಗೆದಾಗ ನಾನು ಕೇಳಿದೆ. ನಲವತ್ತು ವರ್ಷ ಗಾಡಿ ಓಡಿಸಿದೋನು ನೀನು, ಹೊಗೆ ಬರ್ತಿರೋದು ಗೊತ್ತಾಗಲಿಲ್ವಾ?

"ಪೆಟ್ರೋಲ್ ವಾಸ್ನೆ ಮಂಡ್ಯ ಬಿಡ್ತಲೂ ಬತ್ತಿತ್ತು."

"ಮತ್ತೆ ಹೇಳಬಾರದಾ?"

ಗೋಡೆ ಕಡೆ ತಿರುಗಿಕೊಂಡ. "ನೀನು ಕಾಲೇಜು ಬಿಟ್ ಮ್ಯಾಲೆ ಅಷ್ಟು ಖುಷಿಯಾಗಿದ್ದುದ್ನ ನಾನು ನೋಡಿರ್ನಿಲ್ಲ ಕಣ್ಲಾ. ಊರು ಬತ್ತದಲ್ಲ, ತಡ್ಕೊಳವಾ ಅಂದ್ಕಂಡೆ."

ಸಂಜೆ ಕಾರು ತರೋಕೆ ಹೋದೆ. ಶಾಟ್ ಮುಗಿದಿತ್ತು. ಹೇಗೆ ತೆಗೆದರು ಗೊತ್ತಾ? ಸ್ಥಳದಲ್ಲೇ ಧ್ವನಿಮುದ್ರಣ ನಡೆಯುತ್ತಿದ್ದ ಚಿತ್ರ. ನಮ್ಮ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಸೌಂಡಿನವರು ಹೆಡ್‌ಫೋನ್ ಕಿತ್ತೆಸೆದು, ವಿಲನ್ನಿನ ಡೈಲಾಗೇ ಕೇಳಿಸ್ತಿಲ್ಲ ಅಂತ ಕೂಗಿದರಂತೆ. ಕೊನೆಗೆ ಇಂಜಿನ್ ಆಫ್ ಮಾಡಿ, ನಾಲ್ಕು ಜನ ಹಿಂದಿನಿಂದ ತಳ್ಳಿ ವಿಲನ್ನನ್ನ ಫ್ರೇಮಿನೊಳಗೆ ಬಿಟ್ಟರು! "ಕಾರಿನ ಸದ್ದು ನಾವು ಸ್ಟುಡಿಯೋದಲ್ಲಿ ಹಾಕ್ಕೋತೀವಿ ಗುರೂ, ಅದಕ್ಕೆ ನೀನ್ಯಾಕೆ ಕಷ್ಟಪಟ್ಟೆ?" ಅಂದರು ಮ್ಯಾನೇಜರ್.

ಅಪ್ಪ ಬಸ್ಸಲ್ಲಿ ಬಂದ. ನಾನು ನಾಲ್ಕೂ ಗಾಜು ಇಳಿಸಿ, ನಡುಗುತ್ತಾ ಗಾಡಿ ತಂದು ನೇರ ಮೇಸ್ತ್ರಿ ಗ್ಯಾರೇಜಿನ ಗುಂಡಿ ಮೇಲೆ ನಿಲ್ಲಿಸಿದೆ. ಮೇಸ್ತ್ರಿ ಗುಂಡಿಗಿಳಿದು ಲೈಟು ಹಿಡಿದರು. ಎಷ್ಟು ಹೊತ್ತಾದರೂ ಮಾತಿಲ್ಲ. ಆಮೇಲೆ ಕೆಳಗಿನಿಂದಲೇ ಕೇಳಿದರು, "ಇದನ್ನ ಮಾಡಿದ ಪುಣ್ಯಾತ್ಮ ಯಾರು ಸ್ವಾಮಿ?"

ಒಂದೊಂದಾಗಿ ತೋರಿಸಿದರು. ಹಿಂದಿನ ಸೀಟಿನ ಕೆಳಗೆ, ಮ್ಯಾಟಿನ ಅಡಿ, ನೆಲದ ತಗಡು ತುಕ್ಕು ತಿಂದು ಬೆರಳು ತೂರುವಷ್ಟು ತೂತು. ಡಿಕ್ಕಿಯ ಸುತ್ತಿನ ರಬ್ಬರು ಎಂದೋ ಸತ್ತಿತ್ತು. ಮುಂದಿನ ಗಾಜು ಇಳಿಸಿದರೆ ಒಳಗಿನ ಗಾಳಿ ಅತ್ತ ಹೊರಗೆ ಎಳೆದುಕೊಂಡು ಹೋಗುತ್ತೆ. ಆ ಜಾಗ ತುಂಬೋಕೆ ಹಿಂದಿನ ಸಂದಿಗಳಿಂದ ಹೊಗೆ ಒಳಗೆ ನುಗ್ಗುತ್ತೆ. ಅಂದರೆ ನಾನು ಸದ್ದು ಕೇಳೋಕೆ ಇಳಿಸಿದ ಗಾಜೇ ಅಪ್ಪನ ಕಡೆಗೆ ವಿಷ ಎಳೆಯುತ್ತಿತ್ತು. ಇದನ್ನ ಬರೆಯುವಾಗಲೂ ಕೈ ಸ್ವಲ್ಪ ನಿಲ್ಲುತ್ತೆ.

ಕಬ್ಬಿಣದ ಪಟ್ಟಿಗಳ ಕಥೆಯೂ ಇತ್ತು. ಇಂಜಿನ್ ರಬ್ಬರಿನ ಮೇಲೆ ಕೂತಿರುತ್ತೆ, ಓಡುವಾಗ ತೂಗಾಡುತ್ತೆ. ಪೈಪು ಅದರ ಜೊತೆ ತೂಗಬೇಕು. ಬಿಸಿಗೆ ಹಿಗ್ಗುತ್ತೆ ಬೇರೆ. ಹಿಂದೆ ಬಾಡಿಗೆ ಜಡಿದು ಕಟ್ಟಿದರೆ ಎಲ್ಲಿಯಾದರೂ ಸೀಳಲೇಬೇಕು. ಮ್ಯಾನಿಫೋಲ್ಡ್ ಹತ್ತಿರದ ಜಾಯಿಂಟು ಆಗಲೇ ಬಾಯಿ ಬಿಟ್ಟು, ಸುತ್ತ ಕಪ್ಪು ಮಸಿ ಹಿಡಿದಿತ್ತು.

ಹೊಸದಾಗಿ ಕಟ್ಟೋಕೆ ಎರಡು ದಿನ. ಅಂಬಾಸಿಡರಿಗೇ ಅಂತ ಮಾಡಿದ, ಕೋಣೆಗಳಿರೋ ಸಾಧಾರಣ ಸೈಲೆನ್ಸರ್. ಅಪ್ಪ ಸ್ಟೂಲು ಹಾಕಿಸಿಕೊಂಡು ಗುಂಡಿ ಪಕ್ಕ ಕೂತ. ಮೇಸ್ತ್ರಿ ಯಾವ ನಟ್ಟನ್ನೂ ಮೊದಲು ಪೂರ್ತಿ ಬಿಗಿಯಲಿಲ್ಲ. ಮುಂದಿನಿಂದ ಹಿಂದಿನ ತನಕ ಎಲ್ಲವನ್ನೂ ಸಡಿಲವಾಗಿ ನೇತುಹಾಕಿ, ಪೈಪು ತಾನಾಗಿ ಎಲ್ಲಿ ಕೂರುತ್ತೆ ನೋಡಿ, ಆಮೇಲೆ ಮುಂದಿನಿಂದ ಬಿಗಿಯುತ್ತಾ ಬಂದರು. ಮ್ಯಾನಿಫೋಲ್ಡಿಗೆ ಹೊಸ ಪ್ಯಾಕಿಂಗು, ಹಿತ್ತಾಳೆ ನಟ್ಟು. ಹಿತ್ತಾಳೆ ತುಕ್ಕು ಹಿಡಿದು ಕಚ್ಚಿಕೊಳ್ಳೋದಿಲ್ಲ, ಮುಂದೆ ಬಿಚ್ಚೋನಿಗೆ ಪುಣ್ಯ. ನೇತುಹಾಕೋಕೆ ಹೊಸ ರಬ್ಬರು. ವೆಲ್ಡಿಂಗ್ ಬೇಕಾದ ಕಡೆ ಗಾಡಿಯಲ್ಲಿ ಗುರುತು ಮಾಡಿ, ಪೈಪು ಇಳಿಸಿ, ದೂರ ಒಯ್ದು ಬೆಸೆದರು. ಪೆಟ್ರೋಲ್ ಟ್ಯಾಂಕಿನ ಪಕ್ಕ ಕಿಡಿ ಹಾರಿಸೋ ಶೌರ್ಯ ಅವರಿಗೆ ಬೇಡವಂತೆ. ಪೆಟ್ರೋಲ್ ಪೈಪಿಗೂ ಹೊಗೆ ಪೈಪಿಗೂ ನಡುವೆ ಬೆರಳಿಟ್ಟು ಅಳೆದರು. ಕಾನೂನಿನಲ್ಲೂ 35 ಮಿಲಿಮೀಟರ್ ದೂರ ಇರಬೇಕು ಅಂತಿದೆ.

ಆಕ್ಸಲ್ ಹತ್ತಿರದ ಬಾಗಿನಲ್ಲಿ ಅಪ್ಪ ಬಾಯಿ ಹಾಕಿದ. "ಜಾಕ್ ಮ್ಯಾಲೆ ನೋಡಬ್ಯಾಡಪ್ಪ. ಜಾಕ್ ಎತ್ತಿದ್ರೆ ಆಕ್ಸಲ್ ಇಳಿಬಿದ್ದಿರ್ತದೆ, ಜಾಗ ಜಾಸ್ತಿ ಕಾಣ್ತದೆ. ಚಕ್ರ ನೆಲದ್ ಮ್ಯಾಲಿಟ್ಟು ಹಿಂದ್ಗಡೆ ಜನ ಕೂರ್ಸು."

"ನೀನು ಹೇಳ್ಬೇಕಾ ಅಣ್ಣಾ, ಗೊತ್ತು ಬಿಡು" ಅಂದರು ಮೇಸ್ತ್ರಿ. ಅಂದವರೇ ನನ್ನನ್ನೂ ಗ್ಯಾರೇಜಿನ ಇಬ್ಬರು ಹುಡುಗರನ್ನೂ ಹಿಂದಿನ ಸೀಟಿಗೆ ಹತ್ತಿಸಿ ಕುಣಿಸಿದರು. ಟಕ್ ಅಂತ ಸದ್ದು ಬಂತು. ಪೈಪು ಒಂದು ಬೆರಳಗಲ ಸರಿಸಿದರು. ಅಪ್ಪ ಮೀಸೆಯಲ್ಲೇ ನಕ್ಕ.

ಪೈಪಿನ ಬಾಯಿ ಬಂಪರ್ ದಾಟಿ ಹೊರಗೆ ಬಂತು. ನೆಲದ ತೂತಿಗೆ ತಗಡು ಬೆಸೆದು, ಡಿಕ್ಕಿಗೆ ಹೊಸ ರಬ್ಬರು ಹಾಕಿದ್ದಾಯಿತು. ಕೊನೆಗೆ ಪರೀಕ್ಷೆ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆ ಒದ್ದೆ ಮಾಡಿ ಪೈಪಿನ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯೋದು. ಜಾಯಿಂಟು ಎಲ್ಲಾದರೂ ಸೋರಿದರೆ ಹಾವಿನ ಹಾಗೆ ಬುಸ್ ಅನ್ನುತ್ತೆ. ಬಟ್ಟೆ ಹಿಡಿದವನು ನಾನು. ಅಪ್ಪ ಸ್ಟೂಲಿಂದ ಇಳಿದು, ಗುಂಡಿ ಅಂಚಿನಲ್ಲಿ ಮಂಡಿಯೂರಿ ಕಿವಿ ಕೊಟ್ಟ. ಬುಸ್ ಇಲ್ಲ. ಯಜಮಾನರ ಗೊರಕೆ ಮಾತ್ರ.

ಎಂಟು ತಿಂಗಳಾದ ಮೇಲೆ ಚಿತ್ರ ಬಂತು. ಹೆಸರು ಹೇಳಲ್ಲ, ಎರಡನೇ ವಾರ ನೋಡಲಿಲ್ಲ ಪಾಪ. ಮೊದಲ ದಿನ ಮೊದಲ ಆಟಕ್ಕೇ ಅಪ್ಪನನ್ನ ಕರೆದುಕೊಂಡು ಹೋಗಿದ್ದೆ. ನಮ್ಮ ಬಿಳಿ ಅಂಬಾಸಿಡರ್ ತೆರೆ ಮೇಲೆ ಹತ್ತು ಸೆಕೆಂಡು ಇರಬಹುದು. ನಾಲ್ಕು ಜನ ತಳ್ಳಿದ ಗಾಡಿ, ಎಂಟು ಸಿಲಿಂಡರಿನ ಸಿಂಹದಂತೆ ಗರ್ಜಿಸುತ್ತಾ ಬಂದು ನಿಂತಿತು! ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಅಪ್ಪ ನನ್ನ ಕಡೆ ಬಾಗಿ, "ಇದು ನಮ್ ಗಾಡಿ ಸದ್ದಲ್ಲ ಕಣ್ಲಾ" ಅಂದ.