ಕನ್ಹೇರಿಯಲ್ಲೊಂದು ಹಸಿರು ಹುಳ

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ನಾವು ಹೋದದ್ದು ಅತ್ತೆಯವರಿಗೆ ಕನ್ಹೇರಿ ಗುಹೆಗಳನ್ನು ತೋರಿಸಲೆಂದು. ಮಾವನವರು ತೀರಿಕೊಂಡ ಮೇಲೆ ಸಾಗರದ ಮನೆಗೆ ಬೀಗ ಹಾಕಿ ಅವರು ಮುಂಬಯಿಗೆ ಬಂದು ಮೂರು ತಿಂಗಳಾಗಿತ್ತು. "ನನ್ನಿಂದ ಇಲ್ಲಿ ಯಾರಿಗೆ ಏನು ಉಪಯೋಗ?" ಎನ್ನುವುದನ್ನು ಬಿಟ್ಟರೆ ಅವರದು ಹೆಚ್ಚು ಮಾತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಸಮಯ. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ನಾಲ್ಕೈದನ್ನು ನೋಡುವಷ್ಟರಲ್ಲಿ ಅತ್ತೆಯವರ ಮೊಣಕಾಲು ಮುಷ್ಕರ ಹೂಡಿತು. ಕೆಳಗಿಳಿದು ದಾರಿಬದಿಯಲ್ಲಿ ಕುಳಿತಿದ್ದಾಗ ಮಗ ಕೂಗಿದ, "ಅಜ್ಜೀ, ಹಾವಿನ ಮರಿ!"

ಹಾವಲ್ಲ, ಹುಳ. ಬೆರಳುದ್ದ, ಬೆರಳು ದಪ್ಪ, ಹಸಿರು ಮೈ. ಪಕ್ಕೆಯುದ್ದಕ್ಕೂ ಬಿಳಿ ಗೆರೆ, ಅದರ ಆಚೀಚೆ ಅಕ್ಕಿನುಚ್ಚು ಚೆಲ್ಲಿದಂಥ ಚುಕ್ಕೆಗಳು. ಮುಂಭಾಗದಲ್ಲಿ ಕಪ್ಪಂಚಿನ ಎರಡು ನೀಲಿ ಕಣ್ಣು, ಹಿಂದೆ ಹಳದಿ ಕೊಂಬು. ನಾನು ಕಂಬಳಿಹುಳ ಎಂದೆ. "ಮೈಮೇಲೆ ಒಂದು ಕೂದಲೂ ಇಲ್ಲವಲ್ಲಮ್ಮ, ಕಂಬಳಿ ಎಲ್ಲಿ?" ಎಂದ ಮಗ. ಅಷ್ಟರಲ್ಲಿ ದಾರಿಹೋಕರೊಬ್ಬರು ವಿಷದ ಹುಳವೆಂದು ಛತ್ರಿ ಎತ್ತಿದರು.

"ಬ್ಯಾಡ, ಬ್ಯಾಡ!" ಅತ್ತೆ ಅಡ್ಡ ನಿಂತೇಬಿಟ್ಟರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಛತ್ರಿ ಕೆಳಗಿಳಿಯಿತು.

ನಾವೆಲ್ಲ ಹುಳ ನೋಡುತ್ತಿದ್ದರೆ ಅತ್ತೆ ಗಿಡ ನೋಡಿದರು. ಹುಳ ಕಡಿದ ಎಲೆಯಂಚಿನಲ್ಲಿ ಹಾಲು ಒಸರಿತ್ತು. "ಇದು ನಂದಿಬಟ್ಟಲಿನ ಜಾತಿ. ನಮ್ಮ ಹಿತ್ತಲಿನ ಕಣಗಿಲೆಗೂ ಇದೇ ಹುಳ ಬರುತ್ತಿತ್ತು, ಮಗಾ. ಮುಟ್ಟಿದರೆ ತುರಿಕೆಯಿಲ್ಲ" ಎಂದರು.

ಮನೆಗೆ ಬಂದು ಮಗ ಮೊಬೈಲಿನ ಚಿತ್ರಗಳನ್ನು ಹೋಲಿಸಿ ನೋಡಿದ. ಬಣ್ಣ ನಂಬಿ ಹುಡುಕಿದರೆ ಹಸಿರು ಹುಳಗಳಿಗೆ ಕೊನೆಯೇ ಇಲ್ಲ. ಬಾಲದ ಕೊಂಬು ಹಾಕ್‌ಮಾತ್ ಎಂಬ ಪತಂಗಗಳ ಕುಲವನ್ನು ಹೇಳಿತು. ಅಜ್ಜಿ ಹೇಳಿದ ಗಿಡ ಹೆಸರನ್ನೇ ಹೇಳಿತು: ಓಲಿಯಾಂಡರ್ ಹಾಕ್‌ಮಾತ್. ಓಲಿಯಾಂಡರ್ ಎಂದರೆ ಕಣಗಿಲೆಯೇ! ಲಿನೇಯಸ್ 1758ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟದ್ದೂ ಕಣಗಿಲೆಯಿಂದಲೇ. ದನ ತಿಂದರೆ ಸಾಯುವ ಆ ಎಲೆ ಇದಕ್ಕೆ ಊಟ. ನೀಲಿ ಕಣ್ಣು ಬರೀ ವೇಷ. ಹೆದರಿದಾಗ ನಿಜವಾದ ಪುಟ್ಟ ತಲೆಯನ್ನು ಒಳಗೆಳೆದುಕೊಂಡು ಕಣ್ಣು ಉಬ್ಬಿಸುತ್ತದೆ. ಕೋಶವಾಗುವ ಮುನ್ನ ಹಸಿರು ಮಾಸಿ ಕಂದಾಗಿ ನೆಲಕ್ಕಿಳಿಯುತ್ತದೆ.

ಮುಂದಿನ ಭಾನುವಾರ ಮತ್ತೆ ಹೋಗೋಣವೆಂದು ಹೊರಡಿಸಿದವರು ಅತ್ತೆಯೇ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು. ಗಿಡದಲ್ಲಿ ಉಳಿದದ್ದು ಬರೀ ತೊಟ್ಟು. ಮಗ ಕೋಲು ಹಿಡಿದು ತರಗೆಲೆ ಕೆದಕಲು ಹೊರಟ. ಅಜ್ಜಿ ಕೋಲು ಕಸಿದುಕೊಂಡರು.