ಕೇಳಿಸದ ಮಾತು, ಕೇಳದ ಕಿವಿ

ಆಂಗ್ಲ ಭಾಷೆಯಲ್ಲಿ ‘ಇನಾಡಿಬಲ್’ ಎಂಬುದೊಂದು ಗುಣವಾಚಕವುಂಟು. ಶಾಲೆಯ ಬಾಲಕನು ಅದಕ್ಕೆ ‘ಕೇಳಿಸದ’ ಎಂದು ಅರ್ಥ ಬರೆದು ಪೂರ್ಣ ಅಂಕಗಳನ್ನು ಪಡೆಯುತ್ತಾನೆ. ‘ಅನ್‌ಹರ್ಡ್’ ಎಂಬುದಕ್ಕೂ ಅದನ್ನೇ ಬರೆದರೆ ಉಪಾಧ್ಯಾಯರು ಆಕ್ಷೇಪಿಸಲಾರರು. ಆದರೂ ಈ ಎರಡು ಪದಗಳ ನಡುವೆ ಒಂದು ವ್ಯಾಜ್ಯವೇ ಅಡಗಿದೆ. ಮೊದಲನೆಯದು ಕೊರತೆಯನ್ನು ಧ್ವನಿಯ ಮೇಲೆ ಹೊರಿಸುತ್ತದೆ. ಎರಡನೆಯದು ಕಿವಿಯ ಕಡೆಗೂ ಬೆರಳು ತೋರಬಲ್ಲುದು.

ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಮಾತ್ರ. ಹುಳ ಹಿಡಿಯುವ ಚಿಕ್ಕ ಬಾವಲಿಗಳ ಕೂಗು ಬಹುಮಟ್ಟಿಗೆ ಅದಕ್ಕೂ ಮೇಲಿನದು. ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಎಂಬ ವಿದ್ವಾಂಸರು 1938ರಲ್ಲಿ ಯಂತ್ರದ ಸಹಾಯದಿಂದ ಅದನ್ನು ಹಿಡಿದು ತೋರಿಸಿದರು. ಅಂತಹ ಕೂಗನ್ನು ‘ಇನಾಡಿಬಲ್’ ಎನ್ನುವುದು ನ್ಯಾಯವೇ. ಬಾವಲಿಗೆ ಅದು ಚೆನ್ನಾಗಿ ಕೇಳುತ್ತದೆಂಬುದು ಬೇರೆ ಮಾತು.

ನ್ಯಾಯಸ್ಥಾನದಲ್ಲಿ ಹಾಗಲ್ಲ. ಪ್ರತಿವಾದಿಯ ಅಹವಾಲನ್ನು ಆಲಿಸದೆ ತೀರ್ಪಿತ್ತರೆ ಅವನನ್ನು ‘ಅನ್‌ಹರ್ಡ್’ ಎನ್ನುವರಲ್ಲದೆ ‘ಇನಾಡಿಬಲ್’ ಎನ್ನರು. ಅವನ ಕಂಠವು ಎಷ್ಟೇ ಗಟ್ಟಿಯಾಗಿರಲಿ, ಮಾತು ಅದೇ. ಈ ಪದದ ಹಿಂದೆ ‘ಆಫ್’ ಎಂಬ ಬಾಲವನ್ನು ಸೇರಿಸಿದರಂತೂ ಅರ್ಥವು ಹೊರಳಿ ‘ಕಂಡು ಕೇಳರಿಯದ’ ಎಂದಾಗಿಬಿಡುವುದು.

‘ಇನಾಡಿಬಲ್’ ಎಂಬುದಕ್ಕೆ ‘ಅಶ್ರಾವ್ಯ’ ಎಂದು ಹಾಕಿದರೆ ತೊಡಕು ಕಳೆಯುವುದೆಂದು ತೋರಬಹುದು. ಆದರೆ ಸಂಸ್ಕೃತ ನಾಟಕಶಾಸ್ತ್ರದಲ್ಲಿ ಅಶ್ರಾವ್ಯವೆಂದರೆ ಸ್ವಗತ. ರಂಗದ ಮೇಲೆ ಪಕ್ಕದಲ್ಲಿಯೇ ನಿಂತ ಪಾತ್ರಕ್ಕೆ ಅದು ಕೇಳದು. ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳುವುದು!

ಕನ್ನಡದ ‘ಕೇಳು’ ಧಾತುವು ಇನ್ನೂ ವಿಶಾಲವಾದುದು. ಕಿವಿಗೆ ಬೀಳುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ‘ಮಾತು ಕೇಳುವುದೇ’. ಕಡೆಯದು ಕನ್ನಡಕ್ಕೆ ಮಾತ್ರ ಮೀಸಲಲ್ಲ. ವಿಧೇಯತೆಯನ್ನು ಹೇಳುವ ಆಂಗ್ಲರ ‘ಒಬೇ’ ಎಂಬ ಪದವೂ, ‘ಇನಾಡಿಬಲ್’ ಎಂಬುದೂ, ಕೇಳುವುದೆಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು.

ಒಳಮನೆಯಿಂದ ಅಜ್ಜಿಯು “ಊಟಕ್ಕೆ ಏಳಿ” ಎಂದರೆ ಜಗಲಿಯಲ್ಲಿ ಕುಳಿತವರೆಲ್ಲರಿಗೂ ಕೇಳಿಸುತ್ತದೆ. “ಹುಡುಗಿಯನ್ನು ಇನ್ನೆರಡು ವರ್ಷ ಓದಿಸಿರಪ್ಪಾ” ಎಂದು ಅದೇ ಬಾಗಿಲಲ್ಲಿ, ಅದೇ ಧ್ವನಿಯಲ್ಲಿ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. “ಅಮ್ಮನ ಸ್ವರ ಈಚೆಗೆ ತೀರ ಕ್ಷೀಣವಾಯಿತು” ಎಂದು ಮಗನು ಬಂದ ನಂಟರಿಗೆ ಮರುಕದಿಂದ ಹೇಳುತ್ತಾನೆ. ಅಜ್ಜಿಯು ಕ್ಷಣಕಾಲ ಬಾಗಿಲಲ್ಲಿ ನಿಂತಿದ್ದು, ಒಳಗೆ ಹೋಗಿ ಎಲೆ ಹಾಕತೊಡಗುತ್ತಾಳೆ.