ಮಳೆ ನಕ್ಷೆಯಲ್ಲಿ ಹಳದಿ ಅಂದ್ರೆ ಏನು?

ಮಳೆಗಾಲ ಬಂತೆಂದರೆ ಮಳೆಗಿಂತ ಮೊದಲು ಫೋನಿಗೆ ನಕ್ಷೆಗಳು ಬರುತ್ತವೆ. ಅವುಗಳ ಹಿಂದೆಯೇ ವರದಿಗಾರರಾದ ನಮಗೆ ಕರೆಗಳೂ ಬರುತ್ತವೆ. ಹೊಸದುರ್ಗ ಕಡೆಯ ರೈತರೊಬ್ಬರು ಕೇಳಿದ್ದು ಹೀಗೆ: “ನಮ್ ಜಿಲ್ಲೆ ಹಳದಿ ಐತೆ ಸಾರ್, ಕೆಂಪೇನೂ ಇಲ್ಲ. ಹಂಗಾರೆ ಪರವಾಗಿಲ್ಲ ಅಲ್ವಾ?”

ಪರವಾಗಿಲ್ಲ ಅನ್ನುವಂತಿರಲಿಲ್ಲ. ಅವರು ನೋಡಿದ್ದು ಭಾರತೀಯ ಹವಾಮಾನ ಇಲಾಖೆಯ ಮಳೆ ಪ್ರಮಾಣದ ನಕ್ಷೆ. ಅದರಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆ ಮಳೆಯಾದ ಕಡೆ ಕೆಂಪು. ಶೇ 60ರಿಂದ 99ರಷ್ಟು ಕಡಿಮೆಯಾದ ಕಡೆ ಹಳದಿ. ಹನಿಯೂ ಬೀಳದಿದ್ದರೆ ಬಿಳಿ. ಅಂದರೆ ಇಲ್ಲಿ ಹಳದಿಯೇ ಕೆಂಪಿಗಿಂತ ಕೆಟ್ಟದ್ದು. ಅದೇ ಇಲಾಖೆ ಭಾರಿ ಮಳೆಯ ಎಚ್ಚರಿಕೆ ಕೊಡುವಾಗ ಲೆಕ್ಕ ಬೇರೆ. ಅಲ್ಲಿ ಹಳದಿ ಅಂದರೆ ಗಮನವಿಟ್ಟಿರಿ, ಕಿತ್ತಳೆ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಬಣ್ಣ ಒಂದೇ, ಅರ್ಥ ಎರಡು. ಬೀಜ, ಗೊಬ್ಬರ ತಂದಿಟ್ಟುಕೊಂಡು ಆಕಾಶ ನೋಡುತ್ತಾ ಕೂತವರಿಗೆ ಇದು ಸಣ್ಣ ಮಾತಲ್ಲ.

ಹಾಗಾಗಿ ನಮ್ಮ ಜಿಲ್ಲೆಯ ನಕ್ಷೆಯನ್ನು ನಾವೇ ಮಾಡೋಣ ಎಂದು ಕೂತೆವು.

ಕಂಪ್ಯೂಟರಿನಲ್ಲಿ ಚಿತ್ರ ಇಡುವ ಕ್ರಮ ಮುಖ್ಯವಾಗಿ ಎರಡು. ಒಂದರಲ್ಲಿ ಪ್ರತಿ ಚುಕ್ಕೆಯೂ ತನ್ನ ಬಣ್ಣವನ್ನು ತಾನೇ ಹೊತ್ತಿರುತ್ತದೆ. ಇನ್ನೊಂದರಲ್ಲಿ ಚುಕ್ಕೆಯ ಬಳಿ ಬರೀ ಒಂದು ನಂಬರು. ಯಾವ ನಂಬರಿಗೆ ಯಾವ ಬಣ್ಣ ಎಂದು ಬೇರೊಂದು ಪಟ್ಟಿ ಹೇಳುತ್ತದೆ. ಆ ಪಟ್ಟಿಯೇ ಪ್ಯಾಲೆಟ್. ಮೊಳಕಾಲ್ಮುರಿನ ಮಗ್ಗ ನೆನೆಸಿಕೊಳ್ಳಿ. ವಿನ್ಯಾಸ ಅದೇ ಇದ್ದರೂ ನೂಲಿನ ಬಣ್ಣ ಬದಲಾದರೆ ಸೀರೆಯೇ ಬೇರೆ.

1987ರಲ್ಲಿ ಐಬಿಎಂ ತಂದ ವಿಜಿಎ ವ್ಯವಸ್ಥೆಯಲ್ಲಿ 2,62,144 ಬಣ್ಣಗಳ ಪೈಕಿ ಒಂದು ಸಲಕ್ಕೆ 256 ಬಣ್ಣ ಆರಿಸಿಕೊಳ್ಳಬಹುದಿತ್ತು. ಮೆಮೊರಿ ಕಡಿಮೆ, ವೇಗವೂ ಕಡಿಮೆ. ಆಟಗಳನ್ನು ಬರೆಯುವವರು ಅದಕ್ಕೊಂದು ಉಪಾಯ ಬಳಸುತ್ತಿದ್ದರು. ಚಿತ್ರವನ್ನು ಮುಟ್ಟದೆ, ಪಟ್ಟಿಯಲ್ಲಿನ ನೀಲಿ ಛಾಯೆಗಳನ್ನಷ್ಟೇ ಒಂದೊಂದು ಮನೆ ಮುಂದಕ್ಕೆ ತಳ್ಳುತ್ತಾ ಹೋಗುವುದು. ಒಂದು ಚುಕ್ಕೆಯೂ ಕದಲದಿದ್ದರೂ ನೀರು ಹರಿದಂತೆ ಕಾಣುತ್ತದೆ. 2022ರಲ್ಲಿ ಹಿರಿಯೂರಿನ ಮಾರಿಕಣಿವೆ 89 ವರ್ಷಗಳ ಮೇಲೆ ಕೋಡಿ ಬಿತ್ತಲ್ಲ, ಆ ನೀರನ್ನು ಏಳೆಂಟು ನೀಲಿಯಲ್ಲೇ ಹರಿಸಿ ತೋರಿಸಬಹುದು.

ನಮ್ಮ ನಕ್ಷೆಗೂ ಅದೇ ಉಪಾಯ. ಚಿತ್ರದುರ್ಗ 1, ಹಿರಿಯೂರು 2, ಹೊಸದುರ್ಗ 3, ಹೊಳಲ್ಕೆರೆ 4, ಚಳ್ಳಕೆರೆ 5, ಮೊಳಕಾಲ್ಮುರು 6. ಹಿನ್ನೆಲೆಗೆ 0, ಗಡಿ ಗೆರೆಗೆ 7. ಪೈಥಾನ್ ಭಾಷೆಯಲ್ಲಿ ಪಿಲ್ಲೋ ಎಂಬ ಉಚಿತ ಸಲಕರಣೆ ಇದೆ. ಒಂದೊಂದು ಬಣ್ಣಕ್ಕೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು 0ರಿಂದ 255ರ ಒಳಗೆ ಮೂರು ಅಂಕಿ ಕೊಟ್ಟರೆ ಆಯಿತು. ವಾರದ ಮಳೆ ಲೆಕ್ಕ ಸಿಕ್ಕಾಗ ಪಟ್ಟಿಯ ಆರು ಸಾಲು ಬದಲಿಸುತ್ತೇವೆ, ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾರಗಳನ್ನು ಸಾಲಾಗಿ ಓಡಿಸಿದರೆ ಮುಂಗಾರು ಬಂದದ್ದು, ಕೈಕೊಟ್ಟದ್ದು ಎಲ್ಲವೂ ಕಣ್ಣೆದುರು. ಎಂಟೇ ಬಣ್ಣ ಇರುವುದರಿಂದ ಫೈಲ್ ಹಗುರ, ನಿಮ್ಮ ಡೇಟಾ ಉಳಿಯುತ್ತದೆ.

ಇದೆಲ್ಲ ಇಷ್ಟು ಸುಲಭ ಎಂಬುದೇ ನಮಗೆ ದಿಗಿಲು ಹುಟ್ಟಿಸಿತು. ಪಟ್ಟಿಯ ಒಂದು ಸಾಲು ತಿದ್ದಿದರೆ ಒಣಗಿದ ತಾಲ್ಲೂಕು ಹಸಿರಾಗುತ್ತದೆ. ಮಳೆಯ ಅಂಕಿಯನ್ನು ಯಾರೂ ಮುಟ್ಟಿರುವುದಿಲ್ಲ, ಆದರೆ ನೋಡಿದವರು ನಂಬುವುದು ಹಸಿರನ್ನೇ. ಬರ, ಬೆಳೆ ವಿಮೆ ಎಂದು ಊರು ಮಾತಾಡುವ ಹೊತ್ತಿನಲ್ಲಿ ಇಂಥದೊಂದು ಚಿತ್ರ ಹರಿದಾಡಿದರೆ ಏನಾದೀತು ಯೋಚಿಸಿ.

ಅದಕ್ಕೇ ನಾವು ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಕೊರತೆ ಹೆಚ್ಚಿದಷ್ಟೂ ಕಂದು ಗಾಢವಾಗಬೇಕು, ಮಳೆ ಹೆಚ್ಚಿದಷ್ಟೂ ನೀಲಿ ಗಾಢವಾಗಬೇಕು, ವಾಡಿಕೆ ಮಳೆಗೆ ತಿಳಿ ಬಣ್ಣ. ಕೆಂಪು–ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆಯೇ ಇದ್ದಾರೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು, ಹಾಗಾಗಿ ಆ ಜೋಡಿ ಬೇಡ. ಹಂಗಾಮಿನ ನಡುವೆ ಬಣ್ಣದ ಅರ್ಥ ಬದಲಿಸುವಂತಿಲ್ಲ. ತಾಲ್ಲೂಕಿನ ಮೇಲೆ ಶೇಕಡಾ ಅಂಕಿ ಇರಲೇಬೇಕು. ಒಂದು ತಾಲ್ಲೂಕಿಗೆ ಒಂದೇ ಬಣ್ಣ ಬಳಿದಾಗ ಹೋಬಳಿಗಳ ನಡುವಿನ ಅಂತರ ಮುಚ್ಚಿಹೋಗುತ್ತದೆ, ಅದನ್ನೂ ಕೆಳಗೆ ಬರೆಯಬೇಕು.

ನಿಮ್ಮಿಂದ ಆಗಬೇಕಾದದ್ದು ಒಂದೇ. ನಕ್ಷೆ ಬಂದಾಗ ನಿಮ್ಮ ಊರು ಹುಡುಕುವ ಮೊದಲು ಮೂಲೆಯಲ್ಲಿರುವ ಬಣ್ಣದ ವಿವರ ಓದಿ. ಅದನ್ನು ಯಾರಾದರೂ ಕತ್ತರಿಸಿ ಕಳಿಸಿದ್ದರೆ, ಮುಂದಕ್ಕೆ ಕಳಿಸಬೇಡಿ.